ಐಸಾಕ್ ಅಸಿಮೋವ್ ಓದಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಸಿಮೋವ್ ಅಂದರೆ ಯಾರು? ಚಿಕ್ಕದಾಗಿ ಹೇಳಿ.

ವೈಜ್ಞಾನಿಕ ಕಥೆಗಳಿಗೆ ಹೆಸರಾದ ಅಮೆರಿಕದ ಲೇಖಕರು. 1920ರಲ್ಲಿ ರಷ್ಯಾದ ಪೆಟ್ರೋವಿಚಿ ಎಂಬ ಸಣ್ಣ ಊರಿನ ಯಹೂದಿ ಮನೆಯಲ್ಲಿ ಹುಟ್ಟಿದವರು. ಮೂರು ವರ್ಷದ ಮಗುವಿದ್ದಾಗ ಅಪ್ಪ ಅಮ್ಮ ಅಮೆರಿಕಕ್ಕೆ ಕರೆದುಕೊಂಡು ಹೋದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅಪ್ಪನದು ಮಿಠಾಯಿ ಅಂಗಡಿ, ಅದರಲ್ಲೇ ಒಂದು ಕಡೆ ಪತ್ರಿಕೆಗಳೂ ಮಾರಾಟಕ್ಕೆ. ಅಗ್ಗದ ಕಥೆ ಪತ್ರಿಕೆಗಳನ್ನು ಮುಟ್ಟಬಾರದು ಅಂತ ಅಪ್ಪನ ಕಟ್ಟಪ್ಪಣೆ. ಒಂದು ಪತ್ರಿಕೆಯ ಹೆಸರಲ್ಲಿ 'ಸೈನ್ಸ್' ಅಂತ ಇತ್ತು, ನೋಡಿ ಇದು ಓದಿಗೆ ಸಂಬಂಧಪಟ್ಟಿದ್ದು ಅಂತ ಹುಡುಗ ಒಪ್ಪಿಸಿಬಿಟ್ಟ. ಅಲ್ಲಿಂದ ಶುರು.

ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ 1948ರಲ್ಲಿ ಪಿಎಚ್‌ಡಿ ಪಡೆದರು. ಬೋಸ್ಟನ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡಿದರು. 1958ರಿಂದ ಬರವಣಿಗೆಯೇ ಕೆಲಸ. 1992ರಲ್ಲಿ ತೀರಿಕೊಂಡರು.

500 ಪುಸ್ತಕ ಬರೆದಿದ್ದಾರೆ ಅಂತಾರಲ್ಲ, ನಿಜವಾ?

ಬರೆದದ್ದು, ಸಂಪಾದಿಸಿದ್ದು ಎರಡೂ ಸೇರಿಸಿದರೆ ಸುಮಾರು ಅಷ್ಟಾಗುತ್ತದೆ. ಆದರೆ ಅದರಲ್ಲಿ ನೂರಕ್ಕಿಂತ ಜಾಸ್ತಿ ಬೇರೆಯವರ ಕಥೆಗಳ ಸಂಕಲನಗಳು. ಉಳಿದದ್ದರಲ್ಲೂ ದೊಡ್ಡ ಪಾಲು ವಿಜ್ಞಾನದ ಪುಸ್ತಕಗಳೇ ಹೊರತು ಕಥೆ ಕಾದಂಬರಿಯಲ್ಲ. ಬೈಬಲ್ ಬಗ್ಗೆ ಬರೆದಿದ್ದಾರೆ, ಶೇಕ್ಸ್‌ಪಿಯರ್ ಬಗ್ಗೆ ಬರೆದಿದ್ದಾರೆ, ಜೋಕುಗಳ ಪುಸ್ತಕವೂ ಇದೆ. ಒಂದು ಪತ್ರಿಕೆಗೆ 1958ರಿಂದ ತಿಂಗಳು ತಿಂಗಳೂ ವಿಜ್ಞಾನದ ಅಂಕಣ ಬರೆದು 399 ಲೇಖನ ಮುಗಿಸಿದರು. ಹಾಗಾಗಿ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಕಾಲ್ಪನಿಕ ಬರವಣಿಗೆಯಲ್ಲಿ ಓದಲೇಬೇಕಾದದ್ದು ಒಂದು ಶೆಲ್ಫಿನಲ್ಲಿ ಅರ್ಧಕ್ಕೆ ಮುಗಿಯುತ್ತದೆ.

ಎಲ್ಲಿಂದ ಶುರು ಮಾಡಲಿ?

ಎಲ್ಲರೂ 'ಫೌಂಡೇಶನ್' ಅಂತಾರೆ. ನಾನು ಬೇಡ ಅಂತೀನಿ. ಮೊದಲ ಐವತ್ತು ಪುಟದಲ್ಲಿ ಬರೀ ಮಾತು, ಕೋಣೆಯೊಳಗೆ ಕೂತ ಜನ, ಪ್ರತಿ ಭಾಗಕ್ಕೂ ಹೊಸ ಪಾತ್ರಗಳು. ಎಷ್ಟೋ ಜನ ಅಲ್ಲೇ ಕೈಬಿಟ್ಟು ಅಸಿಮೋವ್ ನಮಗಲ್ಲ ಅಂದುಕೊಳ್ಳುತ್ತಾರೆ.

ಸಣ್ಣ ಕಥೆಗಳಿಂದ ಶುರು ಮಾಡಿ. ಮೊದಲು 'ದಿ ಲಾಸ್ಟ್ ಕ್ವೆಶ್ಚನ್' (1956), ಅರ್ಧ ಗಂಟೆಯೂ ಬೇಡ. 2061ರಲ್ಲಿ ಇಬ್ಬರು ಟೆಕ್ನಿಷಿಯನ್‌ಗಳು ಕುಡಿದ ಮತ್ತಿನಲ್ಲಿ ಮಲ್ಟಿವ್ಯಾಕ್ ಎಂಬ ದೈತ್ಯ ಕಂಪ್ಯೂಟರಿಗೆ ಒಂದು ಪ್ರಶ್ನೆ ಹಾಕುತ್ತಾರೆ: ವಿಶ್ವ ತಣ್ಣಗಾಗಿ ಸಾಯುವುದನ್ನು ತಡೆಯಬಹುದಾ? ಉತ್ತರಿಸಲು ಸಾಕಷ್ಟು ಮಾಹಿತಿ ಇಲ್ಲ ಅನ್ನುತ್ತದೆ ಯಂತ್ರ. ಸಾವಿರ ವರ್ಷ, ಕೋಟಿ ವರ್ಷ ಕಳೆದ ಮೇಲೂ ಬೇರೆ ಬೇರೆ ಜನ ಅದೇ ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ಕೊನೆಯ ಸಾಲು ಯಾರಾದರೂ ಹೇಳಿಬಿಡುವ ಮೊದಲು ಓದಿ. ತಾವು ಬರೆದ ಕಥೆಗಳಲ್ಲಿ ಅಸಿಮೋವ್‌ಗೆ ಇದೇ ತುಂಬಾ ಇಷ್ಟ. ಕಥೆಯ ಹೆಸರು ಮರೆತು, ಬರೆದವರು ಯಾರೆಂಬುದೂ ಮರೆತು, ಆದರೆ ಕೊನೆ ಮಾತ್ರ ನೆನಪಿಟ್ಟುಕೊಂಡ ಓದುಗರು ಇದು ಯಾವ ಕಥೆ ಸಾರ್ ಅಂತ ಅವರನ್ನೇ ಕೇಳುತ್ತಿದ್ದರಂತೆ.

ಆಮೇಲೆ 'ನೈಟ್‌ಫಾಲ್' (1941). ಆರು ಸೂರ್ಯರಿರುವ ಗ್ರಹ, ಅಲ್ಲಿಯವರಿಗೆ ಕತ್ತಲೆಯೇ ಗೊತ್ತಿಲ್ಲ, 2049 ವರ್ಷಕ್ಕೊಮ್ಮೆ ಮಾತ್ರ ರಾತ್ರಿ. ಅವತ್ತು ಏನಾಗುತ್ತದೆ? ಇದನ್ನು ಬರೆದಾಗ ಅವರಿಗೆ 21 ವರ್ಷ. 1968ರಲ್ಲಿ ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘದವರು ತಮ್ಮ ನೆಬ್ಯುಲಾ ಪ್ರಶಸ್ತಿ ಶುರುವಾಗುವುದಕ್ಕೂ ಮುಂಚಿನ ಸಣ್ಣ ಕಥೆಗಳಲ್ಲಿ ಇದೇ ಅತ್ಯುತ್ತಮ ಅಂತ ಮತ ಹಾಕಿ ಆರಿಸಿದರು. (ಇದನ್ನೇ ಎಳೆದು ಕಾದಂಬರಿ ಮಾಡಿದ್ದು 1990ರಲ್ಲಿ ಬಂತು. ಅದು ಬೇಡ, ಕಥೆ ಸಾಕು.)

ಇವೆರಡು ಹಿಡಿಸಿದರೆ 'ಐ, ರೋಬಾಟ್', ಆಮೇಲೆ 'ದಿ ಕೇವ್ಸ್ ಆಫ್ ಸ್ಟೀಲ್'. ಫೌಂಡೇಶನ್ ಅದರ ನಂತರ.

ರೋಬಾಟ್‌ಗಳ ಮೂರು ನಿಯಮ ಅಂದರೆ ಯಾವುವು?

ಒಂದು: ರೋಬಾಟ್ ಮನುಷ್ಯನಿಗೆ ಹಾನಿ ಮಾಡಬಾರದು, ಸುಮ್ಮನಿದ್ದು ಹಾನಿಯಾಗಲು ಬಿಡಲೂ ಬಾರದು. ಎರಡು: ಮನುಷ್ಯ ಹೇಳಿದ್ದನ್ನು ಕೇಳಬೇಕು, ಅದು ಮೊದಲನೆಯ ನಿಯಮಕ್ಕೆ ವಿರುದ್ಧವಾಗಿರಬಾರದು ಅಷ್ಟೇ. ಮೂರು: ಮೊದಲೆರಡಕ್ಕೆ ಅಡ್ಡಿಯಾಗದಂತೆ ತನ್ನನ್ನು ತಾನು ಕಾಪಾಡಿಕೊಳ್ಳಬೇಕು.

ಇವು ಪೂರ್ತಿಯಾಗಿ ಮೊದಲು ಬಂದದ್ದು 1942ರ 'ರನ್‌ಅರೌಂಡ್' ಕಥೆಯಲ್ಲಿ. ನಿಯಮಗಳನ್ನು ಹೀಗೆ ಬಿಡಿಸಿ ಹೇಳಿದ್ದು 'ಅಸ್ಟೌಂಡಿಂಗ್' ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಎಂದು ಅಸಿಮೋವ್ ಹೇಳುತ್ತಿದ್ದರು. ನಿಮ್ಮ ಕಥೆಗಳಲ್ಲೇ ಇದ್ದವಲ್ಲ, ನಾನು ಹೆಕ್ಕಿದೆ ಅಷ್ಟೇ ಅಂತ ಕ್ಯಾಂಪ್‌ಬೆಲ್.

ಹಾಗಾದರೆ ಆ ನಿಯಮಗಳನ್ನು ಈಗಿನ ಎಐಗೆ ಹಾಕಿಬಿಟ್ಟರೆ ಸರಿಹೋಗಲ್ವಾ?

ಈ ಪ್ರಶ್ನೆ ಕೇಳುವವರು ಕಥೆ ಓದಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಬೇಜಾರು ಮಾಡ್ಕೋಬೇಡಿ. 'ಐ, ರೋಬಾಟ್' ಪುಸ್ತಕ ಇರುವುದೇ ಈ ನಿಯಮಗಳು ಹೇಗೆ ಕೈಕೊಡುತ್ತವೆ ಅಂತ ತೋರಿಸಲು.

'ರನ್‌ಅರೌಂಡ್' ಕಥೆಯನ್ನೇ ತಗೊಳ್ಳಿ. ಬುಧ ಗ್ರಹದಲ್ಲಿ ಪೊವೆಲ್, ಡೊನೊವನ್ ಎಂಬ ಇಬ್ಬರು. ಸ್ಪೀಡಿ ಎಂಬ ರೋಬಾಟನ್ನು ಸೆಲೆನಿಯಂ ತರಲು ಕಳಿಸುತ್ತಾರೆ. ಅದಿಲ್ಲದಿದ್ದರೆ ಇವರು ಬಿಸಿಲಿಗೆ ಬೆಂದು ಹೋಗುತ್ತಾರೆ, ಆದರೆ ಅದನ್ನು ಸ್ಪೀಡಿಗೆ ಹೇಳದೆ ಮಾಮೂಲಿ ಕೆಲಸ ಅನ್ನೋ ಹಾಗೆ ಹೇಳಿದ್ದಾರೆ. ಸೆಲೆನಿಯಂ ಇರುವ ಕಡೆ ರೋಬಾಟಿಗೆ ಅಪಾಯ. ಸ್ಪೀಡಿ ದುಬಾರಿ ಮಾದರಿ, ಅದಕ್ಕೆ ಮೂರನೆಯ ನಿಯಮವನ್ನು ಬೇಕೆಂದೇ ಗಟ್ಟಿ ಮಾಡಿದ್ದಾರೆ. ಆಜ್ಞೆ ಮುಂದಕ್ಕೆ ತಳ್ಳುತ್ತದೆ, ಜೀವಭಯ ಹಿಂದಕ್ಕೆ ಎಳೆಯುತ್ತದೆ, ಎರಡೂ ಸಮವಾಗುವ ದೂರದಲ್ಲಿ ಸ್ಪೀಡಿ ಕುಡಿದವನಂತೆ ಹಾಡು ಹೇಳುತ್ತಾ ಸುತ್ತು ಹಾಕುತ್ತಿದೆ! ಯಾವ ನಿಯಮವೂ ಮುರಿದಿಲ್ಲ, ಆದರೂ ಕೆಲಸ ಕೆಟ್ಟಿದೆ. ಕೊನೆಗೆ ಪೊವೆಲ್ ತಾನೇ ಬಿಸಿಲಿಗೆ ಇಳಿದು ಪ್ರಾಣ ಪಣಕ್ಕಿಟ್ಟು ಮೊದಲನೆಯ ನಿಯಮವನ್ನು ಎಬ್ಬಿಸುತ್ತಾನೆ. ಈ ಕಥೆ ನಡೆಯುವುದು 2015ರಲ್ಲಂತೆ. ನಾವು ಆ ವರ್ಷ ಬುಧಕ್ಕೇನೂ ಹೋಗಲಿಲ್ಲ, ಇರಲಿ.

ಇನ್ನೊಂದು, 'ಲಯರ್!'. ಮನಸ್ಸು ಓದಬಲ್ಲ ರೋಬಾಟ್. ನಿಜ ಹೇಳಿದರೆ ಎದುರಿನವರಿಗೆ ನೋವು, ನೋವೂ ಹಾನಿಯೇ ಅಲ್ವಾ? ಹಾಗಾಗಿ ಎಲ್ಲರಿಗೂ ಅವರು ಕೇಳಲು ಬಯಸಿದ್ದನ್ನೇ ಹೇಳುತ್ತದೆ. ಈಗಿನ ಚಾಟ್‌ಬಾಟ್‌ಗಳು ನೀವು ಹೇಳಿದ್ದೇ ಸರಿ ಅಂತ ತಲೆದೂಗುವುದನ್ನು ನೋಡಿದವರಿಗೆ 1941ರ ಈ ಕಥೆ ಓದಿ ನಗು ಬರುತ್ತದೆ, ಆಮೇಲೆ ಸ್ವಲ್ಪ ಭಯವೂ ಆಗುತ್ತದೆ.

ಇನ್ನು 'ಲಿಟಲ್ ಲಾಸ್ಟ್ ರೋಬಾಟ್'. ಕೆಲಸಕ್ಕೆ ಅಡ್ಡಿಯಾಗುತ್ತದೆ ಅಂತ ಮೊದಲನೆಯ ನಿಯಮದ ಅರ್ಧ ಭಾಗವನ್ನು ತೆಗೆದುಹಾಕಿದ ಒಂದು ರೋಬಾಟ್ ಇದೆ. ಒಬ್ಬ ಸಿಟ್ಟಿನಲ್ಲಿ ಅದಕ್ಕೆ ಹೋಗು, ಕಳೆದುಹೋಗು ಅಂತ ಬೈಯುತ್ತಾನೆ. ಅದು ಆಜ್ಞೆ ಪಾಲಿಸಿ ತನ್ನಂಥದೇ 62 ರೋಬಾಟ್‌ಗಳ ನಡುವೆ ಸೇರಿಕೊಂಡುಬಿಡುತ್ತದೆ. ಹುಡುಕುವ ಕೆಲಸ ರೋಬಾಟ್‌ಗಳ ಮನಶ್ಶಾಸ್ತ್ರಜ್ಞೆ ಸೂಸನ್ ಕ್ಯಾಲ್ವಿನ್‌ದು.

ಅಂದರೆ ಅಸಿಮೋವ್ ಬರೆದದ್ದು ರಕ್ಷಣೆಯ ಸೂತ್ರವಲ್ಲ, ಒಗಟು. ನಿಯಮವನ್ನು ಎಷ್ಟು ಜಾಗ್ರತೆಯಿಂದ ಬರೆದರೂ 'ಹಾನಿ' ಅಂದರೇನು, 'ಮನುಷ್ಯ' ಅಂದರೆ ಯಾರು ಅನ್ನೋ ಜಾಗದಲ್ಲಿ ಬಿರುಕು ಬಿಡುತ್ತದೆ. ಅವರ ಒಳ್ಳೆಯ ಕಥೆಗಳೆಲ್ಲ ಆ ಬಿರುಕಿನಲ್ಲೇ ಹುಟ್ಟಿವೆ. ಅದಕ್ಕೇ ಅವರನ್ನು ಭವಿಷ್ಯ ಹೇಳುವವರ ಸಾಲಿಗಿಂತ ಪತ್ತೇದಾರಿ ಬರೆಯುವವರ ಸಾಲಿನಲ್ಲಿ ಇಟ್ಟು ಓದಿದರೆ ಜಾಸ್ತಿ ಮಜಾ.

ನಾಲ್ಕನೆಯ ನಿಯಮವೂ ಇದೆಯಂತೆ?

ಇದೆ, ಅದನ್ನು ಶೂನ್ಯ ನಿಯಮ ಅಂತಾರೆ. 1985ರ 'ರೋಬಾಟ್ಸ್ ಅಂಡ್ ಎಂಪೈರ್' ಕಾದಂಬರಿಯಲ್ಲಿ ಬರುತ್ತದೆ. ಒಬ್ಬ ಮನುಷ್ಯನಿಗಲ್ಲ, ಇಡೀ ಮಾನವಕುಲಕ್ಕೇ ಹಾನಿಯಾಗದಂತೆ ನೋಡಿಕೊಳ್ಳಬೇಕು ಅಂತ. ಕೇಳಲು ಚೆನ್ನಾಗಿದೆ. ಆದರೆ ಮಾನವಕುಲದ ಒಳಿತನ್ನು ಯಾರು ಲೆಕ್ಕ ಹಾಕುತ್ತಾರೆ? ಕಾದಂಬರಿಯ ರೋಬಾಟ್‌ಗಳಿಗೇ ಈ ಪ್ರಶ್ನೆ ತಲೆ ಕೆಡಿಸುತ್ತದೆ. ಉಳಿದದ್ದು ನೀವೇ ಓದಿ.

'ದಿ ಕೇವ್ಸ್ ಆಫ್ ಸ್ಟೀಲ್' ಅನ್ನು ಯಾಕೆ ಅಷ್ಟು ಹೊಗಳುತ್ತೀರಿ?

ವೈಜ್ಞಾನಿಕ ಕಥೆಯಲ್ಲಿ ಪತ್ತೇದಾರಿ ಸಾಧ್ಯವಿಲ್ಲ, ಪತ್ತೇದಾರ ಕಷ್ಟ ಬಂದಾಗ ಹೊಸ ಯಂತ್ರವೊಂದನ್ನು ಜೇಬಿನಿಂದ ತೆಗೆದುಬಿಡುತ್ತಾನೆ ಅನ್ನೋ ವಾದ ಆಗ ಇತ್ತು. ಅದು ಸುಳ್ಳು ಅಂತ ತೋರಿಸಲು ಬರೆದ ಕಾದಂಬರಿ ಇದು, ಪುಸ್ತಕವಾಗಿ ಬಂದದ್ದು 1954ರಲ್ಲಿ. ಭೂಮಿಯ ಜನರೆಲ್ಲ ಉಕ್ಕಿನ ಚಾವಣಿಯ ಮಹಾನಗರಗಳೊಳಗೆ ಇಕ್ಕಟ್ಟಾಗಿ ಬದುಕುತ್ತಿದ್ದಾರೆ, ಬಯಲಿಗೆ ಕಾಲಿಡಲು ಅವರಿಗೆ ಭಯ. ಅಲ್ಲೊಂದು ಕೊಲೆ. ಪೊಲೀಸಿನ ಎಲೈಜಾ ಬೇಲಿಗೆ ಜೊತೆಗಾರನಾಗಿ ಬರುವುದು ಥೇಟ್ ಮನುಷ್ಯನಂತೆ ಕಾಣುವ ರೋಬಾಟ್, ಆರ್. ಡ್ಯಾನೀಲ್ ಒಲಿವಾ. ಬೇಲಿಗೆ ರೋಬಾಟ್ ಕಂಡರಾಗದು. ಇಬ್ಬರ ನಡುವೆ ನಿಧಾನಕ್ಕೆ ಹುಟ್ಟುವ ಸ್ನೇಹ, ಬೇಲಿಯ ಕೆಲಸ ಹೋಗುವ ಭಯ, ಊಟದ ಹಾಲಿನ ಕ್ಯೂ, ಸಣ್ಣ ಸಣ್ಣ ಸವಲತ್ತಿಗೆ ಜನ ಹೊಡೆದಾಡುವುದು, ಇವೆಲ್ಲ ಅಸಿಮೋವ್ ಬೇರೆ ಎಲ್ಲೂ ಇಷ್ಟು ಚೆನ್ನಾಗಿ ಬರೆದಿಲ್ಲ. ಅವರಿಗೆ ಸ್ವತಃ ಮುಚ್ಚಿದ ಕೋಣೆಗಳೆಂದರೆ ಇಷ್ಟ, ವಿಮಾನವೆಂದರೆ ಭಯ. ಜೀವನದಲ್ಲಿ ವಿಮಾನ ಹತ್ತಿದ್ದು ಎರಡೇ ಸಲ. ನಕ್ಷತ್ರಗಳ ನಡುವೆ ಓಡಾಡುವ ಕಥೆ ಬರೆದ ಮನುಷ್ಯ!

ಸರಿ, ಈಗ ಫೌಂಡೇಶನ್. ಅದರ ಕಥೆ ಏನು?

12,000 ವರ್ಷ ಹಳೆಯ ನಕ್ಷತ್ರ ಸಾಮ್ರಾಜ್ಯ. ಹರಿ ಸೆಲ್ಡನ್ ಎಂಬ ಗಣಿತಜ್ಞ ಸೈಕೋಹಿಸ್ಟರಿಯಿಂದ, ಅಂದರೆ ಜನಸಮೂಹದ ಮುಂದಿನ ನಡೆಯನ್ನು ಗಣಿತದಿಂದ ಹೇಳುವ ಶಾಸ್ತ್ರದಿಂದ, ಲೆಕ್ಕ ಹಾಕಿ ಇದು ಕುಸಿಯುತ್ತದೆ ಅನ್ನುತ್ತಾನೆ. (ಹೆಸರು ಕೇಳಿ ನಮ್ಮವನು ಅಂದುಕೊಳ್ಳಬೇಡಿ.) ಕುಸಿದ ಮೇಲೆ 30,000 ವರ್ಷ ಕತ್ತಲೆಯ ಕಾಲ. ತಪ್ಪಿಸಲು ಆಗಲ್ಲ, ಆದರೆ ಅದನ್ನು 1,000 ವರ್ಷಕ್ಕೆ ಇಳಿಸಬಹುದು. ಅದಕ್ಕಾಗಿ ಅಂಚಿನಲ್ಲಿರುವ ಟರ್ಮಿನಸ್ ಎಂಬ ಬಡ ಗ್ರಹದಲ್ಲಿ ವಿಶ್ವಕೋಶ ಬರೆಯುವ ನೆಪದಲ್ಲಿ ಒಂದು ವಸಾಹತು ಕಟ್ಟಿಸುತ್ತಾನೆ. ಅದೇ ಫೌಂಡೇಶನ್.

ಎಡ್ವರ್ಡ್ ಗಿಬ್ಬನ್ ಬರೆದ ರೋಮ್ ಸಾಮ್ರಾಜ್ಯದ ಪತನದ ಇತಿಹಾಸವೇ ಇದಕ್ಕೆ ಪ್ರೇರಣೆ. 1942ರಿಂದ 1950ರವರೆಗೆ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಬಿಡಿ ಬಿಡಿಯಾಗಿ ಬಂದ ಕಥೆಗಳು ಆಮೇಲೆ 1951, 52, 53ರಲ್ಲಿ ಮೂರು ಪುಸ್ತಕವಾದವು. 1966ರಲ್ಲಿ ಸಾರ್ವಕಾಲಿಕ ಶ್ರೇಷ್ಠ ಸರಣಿ ಅಂತ, ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂತು.

ಇದರಲ್ಲಿ ಯುದ್ಧ ಕಡಿಮೆ. ಬಲಿಷ್ಠ ನೆರೆಯವರ ನಡುವೆ ಸಿಕ್ಕಿಕೊಂಡ ಸಣ್ಣ ಊರು ಒಮ್ಮೆ ರಾಜತಂತ್ರದಿಂದ, ಒಮ್ಮೆ ಧರ್ಮದ ವೇಷ ಹಾಕಿ, ಒಮ್ಮೆ ವ್ಯಾಪಾರದಿಂದ ಬಚಾವಾಗುತ್ತದೆ. ನನಗೆ ಇಷ್ಟವಾಗಿದ್ದು ಎರಡನೆಯ ಪುಸ್ತಕದ 'ದಿ ಮ್ಯೂಲ್' ಭಾಗ. ಸೆಲ್ಡನ್‌ನ ಯೋಜನೆ ಸದಾ ಗೆಲ್ಲುತ್ತಿದ್ದರೆ ಓದುಗರಿಗೇನು ಕುತೂಹಲ ಅಂತ ಕ್ಯಾಂಪ್‌ಬೆಲ್ ಅದನ್ನು ಮುರಿಯಲು ಹೇಳಿದರು. ಅಸಿಮೋವ್‌ಗೆ ಮನಸ್ಸಿರಲಿಲ್ಲ. ಆದರೂ ಬರೆದರು, ಸರಣಿ ಬದುಕಿದ್ದು ಅದರಿಂದಲೇ. ಇಲ್ಲೂ ಅದೇ ನೋಡಿ: ಮೊದಲು ಭದ್ರವಾದ ನಿಯಮ, ಆಮೇಲೆ ಆ ನಿಯಮ ಲೆಕ್ಕಕ್ಕೆ ತಗೊಳ್ಳದ ಒಬ್ಬ ವ್ಯಕ್ತಿ.

ಸೈಕೋಹಿಸ್ಟರಿ ನಿಜವಾಗಿ ಸಾಧ್ಯವಾ?

ಅನಿಲದ ಒಂದೊಂದು ಅಣು ಎತ್ತ ಹೋಗುತ್ತದೆ ಅಂತ ಹೇಳಲು ಆಗಲ್ಲ, ಆದರೆ ಇಡೀ ಡಬ್ಬಿಯ ಒತ್ತಡ ಹೇಳಬಹುದು. ರಸಾಯನಶಾಸ್ತ್ರ ಓದಿದ ಅಸಿಮೋವ್ ಇದನ್ನೇ ಕೋಟಿಗಟ್ಟಲೆ ಗ್ರಹಗಳ ಜನಕ್ಕೆ ಅನ್ವಯಿಸಿದರು. ಜೊತೆಗೆ ಒಂದು ಷರತ್ತು: ಜನರಿಗೆ ಭವಿಷ್ಯವಾಣಿ ಗೊತ್ತಾಗಬಾರದು. ನಮ್ಮ ಎಕ್ಸಿಟ್ ಪೋಲ್‌ಗಳ ಗತಿ ನೋಡಿದರೆ ನಂಬಿಕೆ ಬರಲ್ಲ ಬಿಡಿ. ಆದರೂ ನೊಬೆಲ್ ಪಡೆದ ಪಾಲ್ ಕ್ರುಗ್‌ಮನ್ ತಾವು ಅರ್ಥಶಾಸ್ತ್ರಕ್ಕೆ ಬಂದದ್ದು ಹರಿ ಸೆಲ್ಡನ್ ಆಗುವ ಆಸೆಯಿಂದ ಅಂತ ಹೇಳಿಕೊಂಡಿದ್ದಾರೆ.

ಚುನಾವಣೆಯ ಮಾತು ಬಂತಲ್ಲ, 'ಫ್ರಾಂಚೈಸ್' (1955) ಓದಿ. 2008ರ ಅಮೆರಿಕ. ಮಲ್ಟಿವ್ಯಾಕ್ ದೇಶಕ್ಕೆಲ್ಲ ಒಬ್ಬನೇ ಮತದಾರನನ್ನು ಆರಿಸಿ, ಅವನಿಗೆ ಒಂದಷ್ಟು ಪ್ರಶ್ನೆ ಕೇಳಿ, ಗೆದ್ದವರು ಯಾರು ಅಂತ ಹೇಳಿಬಿಡುತ್ತದೆ.

ಯಾವ ಕ್ರಮದಲ್ಲಿ ಓದಬೇಕು? ನೆಟ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಗಲಾಟೆಗೆ ಕಾರಣ ಅಸಿಮೋವ್ ಅವರೇ. 1950ರ ದಶಕದಲ್ಲಿ ಬೇರೆ ಬೇರೆಯಾಗಿದ್ದ ರೋಬಾಟ್, ಸಾಮ್ರಾಜ್ಯ, ಫೌಂಡೇಶನ್ ಕಥೆಗಳನ್ನು 80ರ ದಶಕದಲ್ಲಿ ಒಂದೇ ದಾರಕ್ಕೆ ಪೋಣಿಸಿದರು. ಕಥೆಯೊಳಗಿನ ಕಾಲದ ಪ್ರಕಾರ ಒಂದು ಪಟ್ಟಿಯನ್ನೂ ಕೊಟ್ಟರು. ಅದನ್ನು ಹಿಡಿಯಬೇಡಿ, ಮೊದಲ ಓದಿಗೆ ಅದು ಗುಟ್ಟುಗಳನ್ನೆಲ್ಲ ಮೊದಲೇ ಬಿಟ್ಟುಕೊಡುತ್ತದೆ.

ಪ್ರಕಟವಾದ ಕ್ರಮವೇ ಒಳ್ಳೆಯದು. 'ಐ, ರೋಬಾಟ್' ಮತ್ತು ಫೌಂಡೇಶನ್‌ನ ಮೂರು ಪುಸ್ತಕ. ಬೇಲಿಯ 'ದಿ ಕೇವ್ಸ್ ಆಫ್ ಸ್ಟೀಲ್', 'ದಿ ನೇಕೆಡ್ ಸನ್' (ಇವೆರಡನ್ನು ಫೌಂಡೇಶನ್‌ಗೆ ಮುಂಚೆ ಓದಿದರೂ ಏನೂ ಕೆಡಲ್ಲ). ಆಮೇಲೆ 'ಫೌಂಡೇಶನ್ಸ್ ಎಡ್ಜ್' (1982), 'ದಿ ರೋಬಾಟ್ಸ್ ಆಫ್ ಡಾನ್' (1983), 'ರೋಬಾಟ್ಸ್ ಅಂಡ್ ಎಂಪೈರ್' (1985), 'ಫೌಂಡೇಶನ್ ಅಂಡ್ ಅರ್ಥ್' (1986). ಸೆಲ್ಡನ್‌ನ ಬದುಕಿನ ಕಥೆ ಹೇಳುವ ಎರಡು ಪುಸ್ತಕ ಕೊನೆಗೆ. ಅವುಗಳಲ್ಲಿ 'ಫಾರ್ವರ್ಡ್ ದಿ ಫೌಂಡೇಶನ್' ಬಂದದ್ದು ಅವರು ತೀರಿಕೊಂಡ ಮೇಲೆ, 1993ರಲ್ಲಿ. ನಿಜ ಹೇಳಬೇಕೆಂದರೆ 80ರ ದಶಕದ ಪುಸ್ತಕಗಳು ದಪ್ಪ, ಮಾತು ಜಾಸ್ತಿ, ಬಿಗಿ ಕಡಿಮೆ. ಫೌಂಡೇಶನ್‌ನ ಮೊದಲ ಮೂರು ಪುಸ್ತಕಕ್ಕೆ ನಿಲ್ಲಿಸಿದರೂ ನಷ್ಟವಿಲ್ಲ.

ಸರಣಿ ಬೇಡ, ಒಂದೇ ಪುಸ್ತಕದಲ್ಲಿ ಮುಗಿಯುವಂಥದ್ದು ಹೇಳಿ.

'ದಿ ಎಂಡ್ ಆಫ್ ಎಟರ್ನಿಟಿ' (1955). ಕಾಲದ ಹೊರಗೆ ಕೂತು ಮನುಷ್ಯರ ಇತಿಹಾಸವನ್ನು ಅಲ್ಲಲ್ಲಿ ತಿದ್ದುವ ಒಂದು ಕಚೇರಿ, ಅದರಲ್ಲೊಬ್ಬ ನೌಕರ ಪ್ರೀತಿಯಲ್ಲಿ ಬೀಳುತ್ತಾನೆ. ಕಥೆ ಕಟ್ಟಿದ ರೀತಿ ನೋಡಿದರೆ ಇದೇ ಅವರ ಅತ್ಯುತ್ತಮ ಕಾದಂಬರಿ ಅಂತ ನನ್ನ ಅಭಿಪ್ರಾಯ.

ಅನ್ಯಗ್ರಹದ ಜೀವಿಗಳು ಯಾಕೆ ಇಲ್ಲ?

ಕ್ಯಾಂಪ್‌ಬೆಲ್‌ಗೆ ಮನುಷ್ಯನೇ ಎಲ್ಲರಿಗಿಂತ ಮೇಲು ಅಂತ ತೋರಿಸುವ ಕಥೆಗಳು ಬೇಕಿದ್ದವು. ಅಸಿಮೋವ್‌ಗೆ ಅದು ಹಿಡಿಸಲಿಲ್ಲ, ಜಗಳವೂ ಬೇಡ ಅಂತ ಮನುಷ್ಯರು ಮಾತ್ರ ಇರುವ ನಕ್ಷತ್ರಲೋಕ ಕಟ್ಟಿದರು. ಅನ್ಯಜೀವಿ ಬರೆಯಲು ಬರಲ್ಲ ಅನ್ನುವವರಿಗೆ 1972ರ 'ದಿ ಗಾಡ್ಸ್ ದೆಮ್‌ಸೆಲ್ವ್ಸ್' ಉತ್ತರ. ಅದರ ನಡುವಿನ ಭಾಗದಲ್ಲಿ ಮೂರು ಲಿಂಗದ, ಬೇರೆಯೇ ವಿಶ್ವದ ಜೀವಿಗಳ ಸಂಸಾರ ಇದೆ. ಹ್ಯೂಗೊ, ನೆಬ್ಯುಲಾ ಎರಡೂ ಬಂದವು.

ಭಾಷೆ ಚಪ್ಪೆ, ಹೆಂಗಸರ ಪಾತ್ರ ಕಡಿಮೆ ಅಂತಾರೆ. ಒಪ್ಪುತ್ತೀರಾ?

ಅರ್ಧ ಒಪ್ಪುತ್ತೇನೆ. ಭಾಷೆಯನ್ನು ಅವರು ಬೇಕೆಂದೇ ಸರಳವಾಗಿ ಇಟ್ಟರು, ಇಂಗ್ಲಿಷ್ ಕಾದಂಬರಿ ಹೊಸದಾಗಿ ಓದುವವರಿಗೆ ಅದು ಅನುಕೂಲವೇ. ವರ್ಣನೆ ಬೇಕಾದವರು ಬೇರೆ ಕಡೆ ಹೋಗಬೇಕು. ಹೆಂಗಸರ ವಿಷಯದಲ್ಲಿ ಟೀಕೆ ಸರಿಯಿದೆ. ಮೊದಲ ಫೌಂಡೇಶನ್ ಪುಸ್ತಕದಲ್ಲಿ ಹುಡುಕಬೇಕು. ಮುಂದೆ ಬೇಟಾ, ಆರ್ಕೇಡಿ ಬರುತ್ತಾರೆ, ರೋಬಾಟ್ ಕಥೆಗಳಲ್ಲಿ ಸೂಸನ್ ಕ್ಯಾಲ್ವಿನ್ ಎಲ್ಲ ಗಂಡಸರಿಗಿಂತ ಚುರುಕು. 'ದಿ ಅಗ್ಲಿ ಲಿಟಲ್ ಬಾಯ್' (1958) ಕಥೆಯ ನರ್ಸ್ ಪಾತ್ರ ಓದಿದರೆ ಭಾವನೆ ಬರೆಯಲು ಬರಲ್ಲ ಅನ್ನೋ ಮಾತೂ ನಿಲ್ಲಲ್ಲ.

ಅವರ ನಡತೆಯ ಬಗ್ಗೆ ಏನೋ ಓದಿದೆ...

ಹೌದು. ಸಮ್ಮೇಳನಗಳಲ್ಲಿ ಹೆಂಗಸರನ್ನು ಒಪ್ಪಿಗೆ ಇಲ್ಲದೆ ಮುಟ್ಟುವ ಚಾಳಿ ಅವರಿಗಿತ್ತು ಅಂತ ಆ ಕಾಲದ ಹಲವರು ಬರೆದಿದ್ದಾರೆ. ಆಗ ಅದನ್ನು ತಮಾಷೆ ಅಂತ ತೇಲಿಸಿದರು. ತಮಾಷೆ ಆಗಿರಲಿಲ್ಲ. ಪುಸ್ತಕ ಓದಬೇಕೋ ಬೇಡವೋ ನಿಮಗೆ ಬಿಟ್ಟಿದ್ದು, ಆದರೆ ಗೊತ್ತಿದ್ದು ಓದುವುದು ಒಳ್ಳೆಯದು.

ಸಿನಿಮಾ, ಸೀರೀಸ್ ನೋಡಿದರೆ ಸಾಲದಾ?

ಸಾಲದು. ವಿಲ್ ಸ್ಮಿತ್ ಇರುವ 2004ರ 'ಐ, ರೋಬಾಟ್' ಮೊದಲು ಬೇರೆಯೇ ಚಿತ್ರಕಥೆ, ಅಸಿಮೋವ್ ಹೆಸರು ಆಮೇಲೆ ಅಂಟಿಸಿದ್ದು. ರೋಬಾಟ್‌ಗಳು ದಂಗೆ ಏಳುವ ಮಾಮೂಲಿ ಕಥೆ ಬೇಡ ಅಂತಲೇ ಅವರು ನಿಯಮಗಳನ್ನು ತಂದರು, ಸಿನಿಮಾದಲ್ಲಿ ಅದೇ ದಂಗೆ! ಆ್ಯಪಲ್ ಟಿವಿಯ 'ಫೌಂಡೇಶನ್' (2021ರಿಂದ) ನೋಡಲು ಭರ್ಜರಿ, ಆದರೆ ಅದರಲ್ಲಿ ಎಲ್ಲರಿಗೂ ಇಷ್ಟವಾದ ತದ್ರೂಪಿ ಚಕ್ರವರ್ತಿಗಳು ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಭವಿಷ್ಯ ಸರಿಯಾಗಿ ಹೇಳಿದ್ದಾರಾ?

1964ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ 2014 ಹೇಗಿರುತ್ತದೆ ಅಂತ ಬರೆದರು. ಮುಖ ನೋಡಿ ಮಾತಾಡುವ ಫೋನ್: ಸರಿ. ರೋಬಾಟ್‌ಗಳು ಇರುತ್ತವೆ, ಆದರೆ ಜಾಸ್ತಿಯೂ ಇರಲ್ಲ, ಅಷ್ಟೇನೂ ಚೆನ್ನಾಗಿಯೂ ಇರಲ್ಲ: ಇದೂ ಸರಿ. ಜನಸಂಖ್ಯೆ 650 ಕೋಟಿ ಅಂದರು, 2014ಕ್ಕೆ ಅದು 700 ಕೋಟಿ ದಾಟಿತ್ತು. ಮನೆಯ ಉಪಕರಣಗಳು ವೈರಿಲ್ಲದೆ ಅಣು ಬ್ಯಾಟರಿಯಲ್ಲಿ ಓಡುತ್ತವೆ ಅಂದದ್ದು ಪೂರ್ತಿ ಸುಳ್ಳಾಯಿತು, ಸದ್ಯ ಒಳ್ಳೆಯದೇ ಆಯಿತು. ಲೇಖನಕ್ಕಿಂತ ಕಥೆಗಳೇ ಹೆಚ್ಚು ಗುರಿ ಮುಟ್ಟಿವೆ. 'ದಿ ಫೀಲಿಂಗ್ ಆಫ್ ಪವರ್' (1958) ಕಥೆಯಲ್ಲಿ ಕಂಪ್ಯೂಟರ್ ನೆಚ್ಚಿ ಜನ ಕೂಡುವುದು ಗುಣಿಸುವುದನ್ನೇ ಮರೆತಿದ್ದಾರೆ. ಒಬ್ಬ ಕೆಳದರ್ಜೆಯ ಟೆಕ್ನಿಷಿಯನ್ ಕಾಗದದ ಮೇಲೆ ಗುಣಾಕಾರ ಮಾಡಿ ತೋರಿಸಿದಾಗ ಸೈನ್ಯದ ದೊಡ್ಡವರು ಬೆರಗಾಗುತ್ತಾರೆ, ಮತ್ತು ತಕ್ಷಣ ಅದನ್ನು ಯುದ್ಧಕ್ಕೆ ಬಳಸುವ ಯೋಚನೆ ಮಾಡುತ್ತಾರೆ.

ನಗಿಸುವಂಥದ್ದು ಏನಾದರೂ?

ಥಿಯೋಟಿಮೋಲಿನ್. ನೀರು ಹಾಕುವ ಸ್ವಲ್ಪ ಮುಂಚೆಯೇ ಕರಗಿಬಿಡುವ ಪುಡಿಯ ಬಗ್ಗೆ 1948ರಲ್ಲಿ ಅಚ್ಚಾದ ಸುಳ್ಳು ಸಂಶೋಧನಾ ಲೇಖನ, ಕೋಷ್ಟಕ, ಗ್ರಾಫ್ ಸಮೇತ. ಪಿಎಚ್‌ಡಿ ಪರೀಕ್ಷೆ ಹತ್ತಿರವಿದೆ, ಬೇರೆ ಹೆಸರಲ್ಲಿ ಹಾಕಿ ಅಂತ ಕೇಳಿಕೊಂಡರೂ ಪತ್ರಿಕೆಯಲ್ಲಿ ಸ್ವಂತ ಹೆಸರಲ್ಲೇ ಬಂತು. ಮೌಖಿಕ ಪರೀಕ್ಷೆಯಲ್ಲಿ ಪ್ರೊಫೆಸರ್ ಒಬ್ಬರು ಗಂಭೀರವಾಗಿ ಥಿಯೋಟಿಮೋಲಿನ್ ಬಗ್ಗೆಯೇ ಪ್ರಶ್ನೆ ಕೇಳಿದರು. ಅಸಿಮೋವ್ ನಗು ತಡೆಯಲಾರದೆ ಹೊರಗೆ ಬಂದರು. ಫೇಲ್ ಮಾಡುವವರು ತಮಾಷೆ ಮಾಡಲ್ಲ ಅಲ್ವಾ, ಪಾಸಾದರು.

ಆರ್ಥರ್ ಸಿ. ಕ್ಲಾರ್ಕ್ ಜೊತೆಗಿನ ಒಪ್ಪಂದವೂ ಮಜವಾಗಿದೆ. ವೈಜ್ಞಾನಿಕ ಕಥೆಯಲ್ಲಿ ಕ್ಲಾರ್ಕ್ ಮೊದಲು, ವಿಜ್ಞಾನ ಬರಹದಲ್ಲಿ ಅಸಿಮೋವ್ ಮೊದಲು, ಕೇಳಿದವರಿಗೆಲ್ಲ ಇಬ್ಬರೂ ಹೀಗೇ ಹೇಳಬೇಕು ಅಂತ. ಕ್ಲಾರ್ಕ್ ತಮ್ಮ ಪುಸ್ತಕವೊಂದರ ಅರ್ಪಣೆಯಲ್ಲೇ ಇದನ್ನು ಹಾಕಿದರು.

ಅವರು ಹೇಗೆ ತೀರಿಕೊಂಡರು?

1983ರ ಹೃದಯದ ಬೈಪಾಸ್ ಆಪರೇಶನ್ ವೇಳೆ ಕೊಟ್ಟ ರಕ್ತದಿಂದ ಎಚ್‌ಐವಿ ಸೋಂಕು ತಗುಲಿತು. 1992ರ ಏಪ್ರಿಲ್ 6ರಂದು ಹೃದಯ, ಕಿಡ್ನಿ ಕೈಕೊಟ್ಟು ತೀರಿಕೊಂಡರು ಅಂತ ಮಾತ್ರ ಆಗ ಸುದ್ದಿ. ಎಚ್‌ಐವಿ ವಿಷಯ ಹೊರಬಂದದ್ದು ಹತ್ತು ವರ್ಷದ ನಂತರ, ಹೆಂಡತಿ ಜ್ಯಾನೆಟ್ ತಂದ ಪುಸ್ತಕದಲ್ಲಿ.

ಮಕ್ಕಳಿಗೆ ಯಾವುದು ಕೊಡಲಿ? ಪುಸ್ತಕ ಸಿಗುತ್ತಾ?

ಸಿಬಿಎಸ್‌ಇಯಲ್ಲಿ ಓದಿದವರು ಗೊತ್ತಿಲ್ಲದೇ ಅಸಿಮೋವ್ ಓದಿರುತ್ತಾರೆ. ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿ ಇಂಗ್ಲಿಷ್ ಪುಸ್ತಕ 'ಬೀಹೈವ್'ನಲ್ಲಿ ಎಷ್ಟೋ ವರ್ಷ ಮೊದಲ ಪಾಠವೇ 'ದಿ ಫನ್ ದೇ ಹ್ಯಾಡ್'. 2157ರಲ್ಲಿ ಮನೆಯಲ್ಲೇ ಯಂತ್ರದ ಮೇಷ್ಟ್ರಿಂದ ಪಾಠ ಕಲಿಯುವ ಮಾರ್ಗಿಯ ಗೆಳೆಯ ಟಾಮಿಗೆ ಕಾಗದದ ಪುಸ್ತಕವೊಂದು ಸಿಗುತ್ತದೆ. ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಕ್ಲಾಸು ಕಂಡ ಮಕ್ಕಳಿಗೆ ವಿವರಿಸುವ ಅಗತ್ಯವೇ ಇಲ್ಲ. ಅದಾದ ಮೇಲೆ 'ರಾಬಿ', ಪುಟ್ಟ ಹುಡುಗಿ ಮತ್ತು ಅವಳನ್ನು ನೋಡಿಕೊಳ್ಳುವ ರೋಬಾಟಿನ ಕಥೆ, 'ಐ, ರೋಬಾಟ್'ನಲ್ಲಿ ಮೊದಲನೆಯದೇ ಅದು.

ಪುಸ್ತಕಗಳಿಗೇನೂ ಬರವಿಲ್ಲ. ಫೌಂಡೇಶನ್ ಮತ್ತು ರೋಬಾಟ್ ಪುಸ್ತಕಗಳು ಈಗಲೂ ಹೊಸದಾಗಿ ಅಚ್ಚಾಗುತ್ತಿವೆ. ಸಣ್ಣ ಕಥೆಗಳಿಗೆ 'ದಿ ಕಂಪ್ಲೀಟ್ ಸ್ಟೋರೀಸ್' ಎಂಬ ದಪ್ಪ ಸಂಪುಟಗಳನ್ನು ಹುಡುಕಿ. ಹೆಸರಲ್ಲಿ ಕಂಪ್ಲೀಟ್ ಅಂತಿದ್ದರೂ ಅದರಲ್ಲಿ ಎಲ್ಲ ಕಥೆಗಳೂ ಇಲ್ಲ, 'ಐ, ರೋಬಾಟ್' ಬೇರೆಯಾಗಿಯೇ ಕೊಳ್ಳಬೇಕು.